ಒಂದು ಟ್ರಿಗರ್ರಾ, ಎರಡಾ? ಜೋಡಿನಳಿಗೆ ಕೋವಿಯ ಹಿಂದಿನ ಕಥೆ



ಈ ಸಲ ರಾಗಿ, ಗೊಬ್ಬರ, ಬೋರ್‌ವೆಲ್ ಬಿಟ್ಟು ಕೋವಿ ವಿಚಾರ ಬರೀತಾ ಇದೀನಿ. ಹೊಸಕೋಟೆ ಕಡೆಯ ಒಬ್ಬ ರೈತರು ಕೇಳಿದ್ದರು. ಅವರ ತಂದೆ ಕಾಲದ ಜೋಡಿನಳಿಗೆ ಕೋವಿ ಈಗ ಲೈಸೆನ್ಸ್ ಸಮೇತ ಇವರ ಹೆಸರಿಗೆ ಬಂದಿದೆ. ಅದಕ್ಕೆ ಎರಡು ಟ್ರಿಗರ್. ಅವರ ಮಗ ಹೇಳ್ತಾನಂತೆ, "ಇದು ಓಬಿರಾಯನ ಕಾಲದ್ದು, ಮಾರಿಬಿಟ್ಟು ಒಂದೇ ಟ್ರಿಗರ್ ಇರೋದು ತಗೊಳ್ಳೋಣ, ಇಲ್ಲಾಂದ್ರೆ ಇದನ್ನೇ ಯಾರ ಹತ್ತಿರಾನಾದ್ರೂ ಕೊಟ್ಟು ಒಂದು ಟ್ರಿಗರ್ ಮಾಡಿಸೋಣ" ಅಂತ. ಯಾವುದು ನಂಬಿಕೆಗೆ ಒಳ್ಳೇದು ಅನ್ನೋದು ಅವರ ಪ್ರಶ್ನೆ.

ಅವರಿಗೆ ಫೋನಲ್ಲೇ ಎರಡು ಮಾತು ಹೇಳಿದೆ. ಆದರೆ ಕೃಷ್ಣರಾಜಪುರ, ವರ್ತೂರು, ಆನೇಕಲ್, ಹೊಸಕೋಟೆ ಕಡೆ ಇಂಥ ಹಳೇ ಕೋವಿಗಳು ಇನ್ನೂ ಕೆಲವರ ಮನೆ ಬೀರುವಿನಲ್ಲಿ ಇವೆ. ಹಳೇದು ಅಂತ ಬಿಸಾಕೋ ಮುಂಚೆ, ಹಳಬರು ಅದನ್ನ ಯಾಕೆ ಹಾಗೆ ಮಾಡಿದ್ದರು ಅಂತ ತಿಳ್ಕೊಂಡರೆ ಒಳ್ಳೇದು. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬಿಡುವಾದಾಗ ಓದಿ.

ನಮ್ಮ ದೊಡ್ಡಪ್ಪನ ಹತ್ತಿರ ಒಂದು ಜೋಡಿನಳಿಗೆ ಇತ್ತು. ಹೊರಗಡೆ ಎರಡು ಕುದುರೆ ಕಾಣೋ ಮಾದರಿ. ಗೊತ್ತಿಲ್ಲದವರಿಗೆ ಹೇಳ್ತೀನಿ: ಕುದುರೆ ಅಂದರೆ ನಳಿಗೆಯ ಹಿಂದೆ ನಿಂತಿರೋ ಸುತ್ತಿಗೆ. ಹೆಬ್ಬೆರಳಲ್ಲಿ ಹಿಂದಕ್ಕೆ ಎಳೆದು ನಿಲ್ಲಿಸಬೇಕು. ಟ್ರಿಗರ್ ಎಳೆದರೆ ಕುದುರೆ ಬಿದ್ದು ತೋಟಾ ಹಿಂಭಾಗದ ಕೇಪಿಗೆ ಹೊಡೆಯುತ್ತೆ, ಈಡು ಹಾರುತ್ತೆ. ಅದರಲ್ಲಿ ಎಲ್ಲಾನೂ ಎರಡೆರಡು: ನಳಿಗೆ ಎರಡು, ಕುದುರೆ ಎರಡು, ಒಳಗಿನ ಸ್ಪ್ರಿಂಗ್ ಎರಡು, ಟ್ರಿಗರ್ ಎರಡು. ಮುಂದಿನ ಟ್ರಿಗರ್ ಬಲಗಡೆ ನಳಿಗೆಗೆ, ಹಿಂದಿನದು ಎಡಗಡೆ ನಳಿಗೆಗೆ. ದೊಡ್ಡಪ್ಪ ಹೇಳೋರು, "ಇದು ಒಂದು ಕೋವಿ ಅಲ್ಲಪ್ಪ, ಒಂದೇ ಹಿಡಿಗೆ ಜೋಡಿಸಿರೋ ಎರಡು ಕೋವಿ" ಅಂತ. ಇಡೀ ಕಥೆಯ ಸಾರ ಆ ಮಾತಲ್ಲೇ ಇದೆ.

ಮೊದಲು ಕೋವಿಗಳಲ್ಲಿ ಚಕಮಕಿ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಬರ್ತಿತ್ತು. ಆ ಕಿಡಿ ಸಣ್ಣ ಬಟ್ಟಲಿನ ಮದ್ದಿಗೆ ಹತ್ತಿ, ಅಲ್ಲಿಂದ ತೂತಿನ ಮೂಲಕ ಒಳಗಿನ ಮದ್ದಿಗೆ ಬೆಂಕಿ ಹೋಗಬೇಕು. ಗಾಳಿ ಬೀಸಿದರೆ, ಮಳೆ ಹನಿ ಬಿದ್ದರೆ, ಕಲ್ಲು ಸವೆದರೆ ಮುಗೀತು, ಈಡು ಹಾರಲ್ಲ. ಇಂಥ ಕಾಲದಲ್ಲೇ ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾರ್ಖಾನೆಯ ಕಸುಬುದಾರರು ಹುಲಿಪಟ್ಟೆ ಕೆತ್ತನೆಯ ಚಕಮಕಿ ಕೋವಿಗಳನ್ನ ಮಾಡಿದರು. ಅದರಲ್ಲಿ ಒಂದೇ ಕೋವಿಯಿಂದ ಎರಡು ಈಡು ಹಾರಿಸುವಂಥವೂ ಇದ್ದವು. ಅಂಥದೊಂದು 2015ರಲ್ಲಿ ಲಂಡನ್ನಿನಲ್ಲಿ ಹರಾಜಾಯ್ತು. ಹತ್ತಿರ ಹತ್ತಿರ ಅದೇ ಕಾಲಕ್ಕೆ ಲಂಡನ್ನಿನ ಜೋಸೆಫ್ ಮ್ಯಾಂಟನ್ ಅನ್ನೋ ಕೋವಿ ತಯಾರಕ ಪಕ್ಕ ಪಕ್ಕ ನಳಿಗೆಯ ಕೋವಿಯನ್ನ ಒಳ್ಳೇ ಹದಕ್ಕೆ ತಂದ. ಒಂದು ಈಡು ಕೈ ಕೊಟ್ಟರೆ ಇನ್ನೊಂದು ಇರಲಿ ಅನ್ನೋ ಲೆಕ್ಕ ಅವತ್ತಿಂದ ಇವತ್ತಿನವರೆಗೂ ಬಂದಿದೆ.

ಆಮೇಲೆ ಒಂದೊಂದೇ ಸುಧಾರಣೆ ಬಂತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ, ಪೆಟ್ಟು ಬಿದ್ದ ಕೂಡಲೇ ಸಿಡಿಯುವ ರಾಸಾಯನಿಕ ಬಳಸೋ ವಿಧಾನಕ್ಕೆ ಪೇಟೆಂಟ್ ತಗೊಂಡ. ಅದರ ಹಿಂದೆ ಬಂದಿದ್ದೇ ಕೇಪು. ಮಲೆನಾಡಿನವರು ಇವತ್ತಿಗೂ ಕೇಪಿನ ಕೋವಿ ಅಂತಾರಲ್ಲ, ಅದು. ಫ್ರಾನ್ಸಿನ ಲೆಫಾಶೋ 1830ರ ದಶಕದಲ್ಲಿ, ನಳಿಗೆಯನ್ನ ಮಧ್ಯಕ್ಕೆ ಬಾಗಿಸಿ ಹಿಂದಿನಿಂದ ತೋಟಾ ಹಾಕೋ ಕೋವಿ ತಂದ. 1875ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲಿ ಅನ್ನೋರು ಕುದುರೆಗಳನ್ನ ಒಳಗೇ ಅಡಗಿಸಿದರು. ಕೋವಿ ಬಾಗಿಸಿದಾಗ ನಳಿಗೆಯ ಭಾರವೇ ಸನ್ನೆಯಾಗಿ ಒಳಗಿನ ಕುದುರೆಗಳನ್ನ ಎಳೆದು ನಿಲ್ಲಿಸುತ್ತೆ. ಇವತ್ತು ನಮ್ಮಲ್ಲಿ ಕಾಣೋ, ಕುದುರೆ ಹೊರಗಿಲ್ಲದ ಜೋಡಿನಳಿಗೆಗಳು ಬಹಳಷ್ಟು ಇದೇ ವಂಶದವು. ಇಷ್ಟೆಲ್ಲಾ ಬದಲಾದರೂ ಟ್ರಿಗರ್ ಮಾತ್ರ ಎರಡೇ ಉಳೀತು.

ಈಗ ನಮ್ಮ ಊರಿಗೆ ಬರೋಣ. 1809ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷರ ದಂಡು ಬಂದು ಕೂತಿತು. ಹಲಸೂರು ಕಡೆಯಿಂದ ಪೂರ್ವಕ್ಕೆ ಹೊರಟರೆ ಕೆರೆ ಆದಮೇಲೆ ಕೆರೆ. ಕಗ್ಗದಾಸಪುರದ ಕೆರೆಯೂ ಅದರಲ್ಲಿ ಒಂದು. ಈಗ ಸುತ್ತ ಅಪಾರ್ಟ್‌ಮೆಂಟು, ಒಂದು ಕಡೆ ಸಿ.ವಿ. ರಾಮನ್ ನಗರ, ರಕ್ಷಣಾ ಇಲಾಖೆ ಲ್ಯಾಬುಗಳು. ಕೆರೆ ಬಯಲು ಅಂದರೆ ಕೆಸರುಗದ್ದೆ, ಕೆಸರುಗದ್ದೆ ಅಂದರೆ ಸ್ನೈಪ್ ಅಂತ ಅವರು ಕರೀತಿದ್ದ ಉದ್ದ ಕೊಕ್ಕಿನ ಹಕ್ಕಿ. 1896ರಲ್ಲಿ ದಂಡಿಗೆ ಬಂದಿದ್ದ ವಿನ್‌ಸ್ಟನ್ ಚರ್ಚಿಲ್ ಕೂಡ, ಬೆಂಗಳೂರಿನ ಜೌಗು ನೆಲದಲ್ಲಿ ಈ ಹಕ್ಕಿ ಯಥೇಚ್ಛ, ಹಾವೂ ಯಥೇಚ್ಛ ಅನ್ನೋ ಅರ್ಥದಲ್ಲಿ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಈ ಹಕ್ಕಿ ಕಾಲಬುಡದಿಂದ ಪುರ್ ಅಂತ ಎದ್ದು ಅಂಕುಡೊಂಕಾಗಿ ಹಾರುತ್ತೆ. ಮೊದಲನೇ ಈಡು ತಪ್ಪೋದೇ ಜಾಸ್ತಿ. ಎರಡನೇದಕ್ಕೆ ಹಕ್ಕಿ ದೂರ ಹೋಗಿರುತ್ತೆ. ಅದಕ್ಕೇ ಜೋಡಿನಳಿಗೆಯಲ್ಲಿ ಸಾಮಾನ್ಯವಾಗಿ ಬಲಗಡೆ ನಳಿಗೆಯ ಬಾಯಿ ಅಗಲ ಬಿಟ್ಟಿರುತ್ತಾರೆ, ಎಡಗಡೆಯದನ್ನ ಕೊನೆಯಲ್ಲಿ ಸ್ವಲ್ಪ ಬಿಗಿ ಮಾಡಿರುತ್ತಾರೆ. ಅಗಲ ಬಾಯಿಯದು ಹತ್ತಿರದಲ್ಲೇ ಚರೆ ಹರಡುತ್ತೆ, ಬಿಗಿ ಬಾಯಿಯದು ದೂರದವರೆಗೆ ಚರೆ ಒತ್ತಾಗಿ ಒಯ್ಯುತ್ತೆ. ಪೈಪಿನ ಬಾಯಿಗೆ ಬೆರಳಿಟ್ಟು ನೀರು ದೂರಕ್ಕೆ ಚಿಮ್ಮಿಸ್ತೀವಲ್ಲ, ನೋಡೋಕೆ ಹೆಚ್ಚು ಕಮ್ಮಿ ಹಾಗೆ. ಎರಡು ಟ್ರಿಗರ್ ಇದ್ದರೆ ಹತ್ತಿರಕ್ಕೆ ಮುಂದಿನದು, ದೂರಕ್ಕೆ ಹಿಂದಿನದು. ಯಾವ ಗುಂಡಿ ಒತ್ತಬೇಕು, ಯಾವ ಸನ್ನೆ ಸರಿಸಬೇಕು ಅಂತ ಯೋಚನೆ ಇಲ್ಲ, ಬೆರಳೇ ತೀರ್ಮಾನ ಮಾಡುತ್ತೆ. ಇವತ್ತು ಆ ಬೇಟೆ ಇಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಅದು ಅಪರಾಧ, ಮುಗೀತು. ಕೋವಿ ಯಾಕೆ ಹಾಗಿದೆ ಅನ್ನೋದಕ್ಕೆ ಮಾತ್ರ ಹೇಳಿದೆ.

ಹಕ್ಕಿ ತಪ್ಪಿದರೆ ನಷ್ಟವಿಲ್ಲ. ಎದುರಿಗೆ ಆನೆ ಇದ್ದರೆ? ಇದಕ್ಕೆ ನಮ್ಮ ಮೈಸೂರು ಸೀಮೆಯದೇ ಸಾಕ್ಷಿ ಇದೆ. ಜಿ.ಪಿ. ಸ್ಯಾಂಡರ್ಸನ್ ಅನ್ನೋ ಇಂಗ್ಲಿಷಿನವನು 1864ರಲ್ಲಿ ಮೈಸೂರಿಗೆ ಬಂದು ನೀರಾವರಿ ಕಾಲುವೆ ಕೆಲಸಕ್ಕೆ ಸೇರಿದ. ಕನ್ನಡ ಕಲಿತ. ಆಮೇಲೆ ಚಾಮರಾಜನಗರದ ಕಡೆ ಖೆಡ್ಡಾ ಮಾಡಿಸಿ ಹೆಸರಾದವನು ಇವನೇ. ಭಾರತದ ಕಾಡುಪ್ರಾಣಿಗಳ ನಡುವೆ ಕಳೆದ ಹದಿಮೂರು ವರ್ಷದ ಬಗ್ಗೆ 1878ರಲ್ಲಿ ಪುಸ್ತಕ ಬರೆದ. ಅವನ ಹತ್ತಿರ ಮೊದಲು ನಾಲ್ಕು ಬೋರಿನ, ಸಣ್ಣ ಫಿರಂಗಿಯಂಥ ಒಂಟಿನಳಿಗೆ ಇತ್ತು. ಒಂದು ಸಲ ಆನೆ ಎದುರಿಗೆ ಅದರ ತೋಟಾ ಸಿಡಿಯಲೇ ಇಲ್ಲ. ಪ್ರಾಣ ಹೋಗೋದು ಕೂದಲೆಳೆಯಲ್ಲಿ ತಪ್ಪಿತು. ಆಮೇಲೆ ಅವನು ಒಂಟಿನಳಿಗೆ ಬಿಟ್ಟು ಜೋಡಿನಳಿಗೆ ಮಾಡಿಸಿಕೊಂಡ. ಹತ್ತೊಂಬತ್ತೂವರೆ ಪೌಂಡ್, ಅಂದರೆ ಸುಮಾರು ಒಂಬತ್ತು ಕೇಜಿ ತೂಕದ್ದು. ಅಷ್ಟು ಭಾರ ಹೊತ್ತುಕೊಂಡು ಕಾಡು ಅಲೆದರೂ ಪರವಾಗಿಲ್ಲ, ಎರಡನೇ ಈಡು ಬೇಕು ಅಂತ ಲೆಕ್ಕ ಹಾಕಿದ.

ಹಾಗಾದರೆ ಒಂದೇ ಟ್ರಿಗರ್ ಯಾಕೆ ಬಂತು? ಆಸೆ ಸಹಜವಾದದ್ದೇ. ಬೆರಳು ಹಿಂದಕ್ಕೆ ಸರಿಸಿ ಎರಡನೇ ಟ್ರಿಗರ್ ಹುಡುಕೋ ಬದಲು ಅದೇ ಜಾಗದಲ್ಲಿ ಎರಡು ಸಲ ಎಳೆದರೆ ಸುಲಭ ಅಲ್ಲವಾ? ಬಹಳ ಜನ ಪ್ರಯತ್ನ ಪಟ್ಟರು, ಕೋವಿಗಳು ಒಂದು ವಿಚಿತ್ರ ತೊಂದರೆ ಕೊಟ್ಟವು. ಒಂದು ಸಲ ಎಳೆದರೆ ಎರಡೂ ನಳಿಗೆ ಒಟ್ಟಿಗೆ ಹಾರಿಬಿಡ್ತಿದ್ದವು.

ಕಾರಣ ಕೇಳಿದರೆ ಆಶ್ಚರ್ಯ ಆಗುತ್ತೆ. ಈಡು ಹಾರಿದ ಕೂಡಲೇ ಕೋವಿ ಹಿಂದಕ್ಕೆ ಒದೆಯುತ್ತೆ, ಟ್ರಿಗರ್ ಬೆರಳಿನಿಂದ ಬಿಡಿಸಿಕೊಳ್ಳುತ್ತೆ. ಮರುಕ್ಷಣ ಕೋವಿ ಭುಜದಿಂದ ಪುಟಿದು ಮುಂದಕ್ಕೆ ಬರುತ್ತೆ. ನಮ್ಮ ಬೆರಳು ಇನ್ನೂ ಮಡಚಿಕೊಂಡೇ ಇರುತ್ತಲ್ಲ, ಟ್ರಿಗರ್ ತಾನಾಗಿ ಬಂದು ಅದಕ್ಕೆ ಒತ್ತಿಕೊಳ್ಳುತ್ತೆ. ಅಂದರೆ ಎಳೆದವನಿಗೆ ಗೊತ್ತಿಲ್ಲದೆ ಎರಡನೇ ಎಳೆತ ಆಗಿಹೋಗಿರುತ್ತೆ. ನಾನು ಒಂದೇ ಸಲ ಎಳೆದೆ ಅಂತ ಅವನು ದೇವರ ಮೇಲೆ ಆಣೆ ಮಾಡ್ತಾನೆ, ಸುಳ್ಳೂ ಅಲ್ಲ. ಕಣ್ಣು ರೆಪ್ಪೆ ಬಡಿಯೋದರೊಳಗೆ ಮುಗಿದಿರುತ್ತೆ.

ಇದಕ್ಕೆ ಸರಿಯಾದ ಪರಿಹಾರ ಕೊಟ್ಟವನು ಲಂಡನ್ನಿನ ಬಾಸ್ ಅನ್ನೋ ಕಂಪನಿಯ ಜಾನ್ ರಾಬರ್ಟ್‌ಸನ್, 1894ರಲ್ಲಿ. ಅವನ ಯಂತ್ರದಲ್ಲಿ ಮೂರು ಎಳೆತದ ಲೆಕ್ಕ. ಒಂದನೇ ಎಳೆತಕ್ಕೆ ಮೊದಲ ನಳಿಗೆ ಹಾರುತ್ತೆ. ಎರಡನೇದು, ಆ ಗೊತ್ತಿಲ್ಲದೆ ಆಗುವ ಎಳೆತ, ಸುಮ್ಮನೆ ಒಳಗಿನ ಭಾಗ ತಿರುಗಿಸೋದರಲ್ಲಿ ಖರ್ಚಾಗುತ್ತೆ. ಮೂರನೇದಕ್ಕೆ ಎರಡನೇ ನಳಿಗೆ. ಒಳ್ಳೇ ಬುದ್ಧಿವಂತಿಕೆ. ಆದರೆ ಅಷ್ಟು ನಾಜೂಕು ಕೆಲಸಕ್ಕೆ ಬೆಲೆಯೂ ಅಷ್ಟೇ ಇತ್ತು. ಕೋವಿ ಲೋಕದ ದೊಡ್ಡ ಹೆಸರು ಜಾನ್ ಬ್ರೌನಿಂಗ್ ಕೊನೆಗಾಲದಲ್ಲಿ ರೂಪಿಸಿದ ಮೇಲೆ-ಕೆಳಗೆ ನಳಿಗೆಯ ಕೋವಿ 1931ರಲ್ಲಿ ಮಾರುಕಟ್ಟೆಗೆ ಬಂದಾಗಲೂ ಅದಕ್ಕೆ ಎರಡೇ ಟ್ರಿಗರ್ ಇತ್ತು. ಅವನು 1926ರಲ್ಲೇ ತೀರಿಕೊಂಡಿದ್ದ. ಒಂದೇ ಟ್ರಿಗರಿನ ಕೆಲಸ ಮುಗಿಸಿದ್ದು ಮಗ ವ್ಯಾಲ್ ಬ್ರೌನಿಂಗ್. ಎರಡು ಈಡನ್ನ ಒಂದು ಟ್ರಿಗರಿಗೆ ಕಟ್ಟೋದು ಎಷ್ಟು ಕಷ್ಟ ಅನ್ನೋದು ಇದರಲ್ಲೇ ತಿಳಿಯುತ್ತೆ.

ಈಗಿನ ಒಂಟಿ ಟ್ರಿಗರುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಇಲ್ಲಿ ಸ್ವಲ್ಪ ಗಮನ ಕೊಟ್ಟು ಓದಿ, ನಂಬಿಕೆಯ ಪ್ರಶ್ನೆ ಇರೋದೇ ಇಲ್ಲಿ.

ಒಂದು ಜಾತಿ ಒದೆತದ ಮೇಲೆ ನಡೆಯುತ್ತೆ. ಒಳಗೆ ಒಂದು ಸಣ್ಣ ತೂಕ ಇರುತ್ತೆ. ಮೊದಲ ಈಡಿನ ಒದೆತಕ್ಕೆ ಅದು ಅಲ್ಲಾಡಿ, ಟ್ರಿಗರನ್ನ ಎರಡನೇ ನಳಿಗೆಗೆ ಜೋಡಿಸುತ್ತೆ. ಒದೆತ ಇದ್ದರೆ ಚೆನ್ನ. ಮೊದಲ ತೋಟಾ ಠುಸ್ ಆದರೆ ಒದೆತ ಎಲ್ಲಿಂದ ಬರಬೇಕು? ಎರಡನೇ ನಳಿಗೆಯಲ್ಲಿ ಒಳ್ಳೇ ತೋಟಾ ಇದ್ದರೂ ಟ್ರಿಗರ್ ಸತ್ತಂತೆ ಇರುತ್ತೆ. ಮಾದರಿ ನೋಡಿಕೊಂಡು ಸೇಫ್ಟಿ ಗುಂಡಿ ಹಿಂದೆ ಮುಂದೆ ಮಾಡಬೇಕು, ಇಲ್ಲವೇ ಬೇರೆ ನಳಿಗೆಗೆ ಬದಲಾಯಿಸಬೇಕು. ಗಾಬರಿಯಲ್ಲಿ ಇದೆಲ್ಲಾ ಯಾರಿಗೆ ನೆನಪಿರುತ್ತೆ?

ಇನ್ನೊಂದು ಜಾತಿಯಲ್ಲಿ ಒದೆತ ಬೇಡ, ಟ್ರಿಗರ್ ಬಿಟ್ಟು ಎಳೆದರೆ ಎರಡನೇದು ಸಿದ್ಧ. ಠುಸ್ ಆದರೂ ಎರಡನೇದು ಸಿಗುತ್ತೆ. ಆದರೆ ಆ ಗೊತ್ತಿಲ್ಲದ ಎಳೆತ ತಡೆಯೋಕೆ ಒಳಗೆ ಬೇರೆ ತಡೆ ಇರಲೇಬೇಕು. ಆ ತಡೆ ಸವೆದರೆ, ಕೊಳೆ ಸೇರಿದರೆ, ಎಣ್ಣೆ ಅಂಟಾದರೆ ಮತ್ತೆ ಎರಡೂ ಒಟ್ಟಿಗೆ ಹಾರೋ ಭಯ.

ಎರಡು ಟ್ರಿಗರ್ ಕೋವಿಯಲ್ಲಿ ಈ ತಲೆನೋವೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದರೆ, ಎರಡು ಬೋರ್‌ವೆಲ್‌ಗೆ ಎರಡು ಬೇರೆ ಬೇರೆ ಸ್ಟಾರ್ಟರ್ ಇದ್ದ ಹಾಗೆ. ಒಂದು ಸುಟ್ಟರೆ ಇನ್ನೊಂದು ಆನ್ ಮಾಡಿ ನೀರು ಹಾಯಿಸ್ತೀರಿ. ಎರಡಕ್ಕೂ ಸೇರಿ ಒಂದೇ ಸ್ಟಾರ್ಟರ್ ಹಾಕಿ, ಮೊದಲ ಮೋಟರ್ ಓಡಿದರೆ ಮಾತ್ರ ಎರಡನೇದು ಓಡಲಿ ಅಂತ ವೈರಿಂಗ್ ಮಾಡಿಸಿದರೆ? ಮೊದಲನೇದು ಕೆಟ್ಟ ದಿನ ಎರಡೂ ಕೆಟ್ಟ ಹಾಗೆ.

ಇದು ನಮ್ಮ ದೇಶಕ್ಕೆ ಇನ್ನೂ ಹೆಚ್ಚು ಹೊಂದುತ್ತೆ. ಇಲ್ಲಿ ಬಹಳ ಕಾಲ ಪುಣೆ ಹತ್ತಿರದ ಖಡ್ಕಿಯ ಸರ್ಕಾರಿ ಕಾರ್ಖಾನೆಯ ಹನ್ನೆರಡು ಬೋರಿನ ತೋಟಾಗಳನ್ನೇ ಜನ ನಂಬಿಕೊಂಡಿದ್ದರು. ತೋಟಾ ಬೇಕಾದಾಗಲೆಲ್ಲ ಸಿಗೋ ಸಾಮಾನಲ್ಲ, ಲೈಸೆನ್ಸಿನಲ್ಲಿ ಇಷ್ಟೇ ಅಂತ ಲೆಕ್ಕ. ಹಾಗಾಗಿ ರೈತರು ವರ್ಷಗಟ್ಟಲೆ ಇಟ್ಕೊಳ್ತಾರೆ. ಕಾಗದದ ಹೊದಿಕೆಯ ಹಳೇ ತೋಟಾ ಮಳೆಗಾಲದ ತೇವಕ್ಕೆ ಉಬ್ಬುತ್ತೆ, ಮದ್ದು ಮಂಕಾಗುತ್ತೆ. ಇಂಥ ಕಡೆ ತೋಟಾ ಠುಸ್ ಆಗೋದು ಅಪರೂಪ ಅಲ್ಲ. ತೋಟಾದ ಮೇಲೆ ಭರವಸೆ ಇಲ್ಲದ ಕಡೆ, ಮೊದಲ ತೋಟಾ ಸಿಡಿದರೆ ಮಾತ್ರ ಎರಡನೇದಕ್ಕೆ ಹೋಗೋ ಯಂತ್ರ ಹೇಗೆ ನಂಬೋದು?

ಒಂಟಿ ಟ್ರಿಗರನ್ನ ಸುಮ್ಮನೆ ಬೈಯೋದು ನ್ಯಾಯ ಅಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪಿನಲ್ಲಿ ಬೆಳ್ಳಿ ತಂದರು. ಆ ಆಟದಲ್ಲಿ ಎರಡು ಮಣ್ಣಿನ ಬಿಲ್ಲೆ ಒಟ್ಟಿಗೆ ಹಾರುತ್ತವೆ, ಎರಡನ್ನೂ ಹೊಡೀಬೇಕು. ಅಂಥಲ್ಲಿ ಬೆರಳು ಸರಿಸದೆ ಎರಡು ಸಲ ಎಳೆಯೋದೇ ಲಾಭ. ಅಲ್ಲಿ ತೋಟಾ ಹೊಸದು, ಒಂದೇ ಥರದ್ದು. ಕೋವಿಯನ್ನ ತಿಳಿದವರು ಆಗಾಗ ಬಿಚ್ಚಿ ನೋಡ್ತಾರೆ. ಒಂದು ಠುಸ್ ಆದರೂ ಪ್ರಾಣಕ್ಕೆ ಅಪಾಯ ಇಲ್ಲ. ಆ ಜಾಗಕ್ಕೆ ಅದೇ ಸರಿ. ಒಳ್ಳೇ ಕಂಪನಿಯ ಈಗಿನ ಒಂಟಿ ಟ್ರಿಗರ್ ಕೋವಿ ಸಾವಿರಾರು ಈಡು ತಕರಾರಿಲ್ಲದೆ ಹಾರಿಸುತ್ತೆ.

ಎರಡು ಟ್ರಿಗರಿಗೂ ಅದರದೇ ದೋಷ ಉಂಟು. ಮುಂದಿನದು ಎಳೆದಾಗ ಕೋವಿ ಒದ್ದು, ಹಿಡಿತ ಸಡಿಲ ಇದ್ದರೆ ಬೆರಳು ಜಾರಿ ಹಿಂದಿನದಕ್ಕೆ ತಗುಲಬಹುದು. ಕೆಲವರು ಎರಡು ಬೆರಳು ಎರಡು ಟ್ರಿಗರ್ ಮೇಲೂ ಇಟ್ಕೊಳ್ತಾರೆ, ಅದು ಶುದ್ಧ ತಪ್ಪು. ಹಿಂದಿನದು ಎಳೆದಾಗ ಮುಂದಿನ ಟ್ರಿಗರ್ ಬೆರಳಿನ ಹಿಂಭಾಗಕ್ಕೆ ಬಡಿಯುತ್ತೆ. ಅದಕ್ಕೇ ಒಳ್ಳೇ ಕೋವಿಗಳಲ್ಲಿ ಮುಂದಿನ ಟ್ರಿಗರಿಗೆ ಬಾಗಿಲ ಕೀಲಿನ ಥರ ಮುಂದಕ್ಕೆ ಮಡಚೋ ಕೀಲು ಇಟ್ಟಿರುತ್ತಾರೆ. ಆದರೆ ಈ ದೋಷಗಳೆಲ್ಲ ಕೈಯ ಅಭ್ಯಾಸದಿಂದ ಸರಿಹೋಗುವಂಥವು. ಒಂಟಿ ಟ್ರಿಗರಿನ ದೋಷ ಒಳಗೆ ಅಡಗಿರುತ್ತೆ, ಕೆಲಸ ಕೊಡಬೇಕಾದ ದಿನವೇ ಗೊತ್ತಾಗೋದು.

ಕೊಡಗಿನ ವಿಚಾರ ಹೇಳದೆ ಕೋವಿ ಕಥೆ ಮುಗಿಯಲ್ಲ. ಬ್ರಿಟಿಷರು 1861ರಲ್ಲಿ ಕೊಡಗಿನವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಇವತ್ತಿಗೂ ಇದೆ, ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಸೆಪ್ಟೆಂಬರಿನ ಕೈಲ್ ಮುಹೂರ್ತದಲ್ಲಿ ನಾವು ಆಯುಧಪೂಜೆಗೆ ನೇಗಿಲು ಇಡೋ ಹಾಗೆ ಅವರು ಕೋವಿ ಇಟ್ಟು ಪೂಜೆ ಮಾಡ್ತಾರೆ. ಅಲ್ಲಿನ ಪದ್ಧತಿಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಮನೇಲಿ ಸಾವಾದರೆ ಒಂದರ ಹಿಂದೆ ಒಂದು ಎರಡು ಈಡು. ದೂರದ ಮನೆಯವರು ಸದ್ದು ಎಣಿಸಿಯೇ ಸುದ್ದಿ ತಿಳಿಯಬೇಕು. ಎರಡನೇ ಈಡು ಹಾರದಿದ್ದರೆ ಸುದ್ದಿಯೇ ತಿರುಗಾಮುರುಗಾ ಆಗುತ್ತೆ!

ನಮಗೆ ಆ ವಿನಾಯಿತಿ ಇಲ್ಲ, 1959ರ ಆಯುಧ ಕಾಯ್ದೆಯೇ ಗತಿ. ಆ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ರೈತರ ಮಾತು ಇದೆ. ಬೆಳೆ ಕಾಯೋಕೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬಹುದು, ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಬೇರೆ ನಯನಳಿಗೆ ಕೋವಿಗೂ ಕೊಡಬಹುದು ಅಂತ. ಅಂದರೆ ಬಾಯಿಯಿಂದ ತುಂಬುವ ಕೋವಿ ಎಲ್ಲಾ ಕಡೆ ಸಾಲಲ್ಲ ಅನ್ನೋದನ್ನ ಕಾಯ್ದೆಯೇ ಒಪ್ಪಿಕೊಂಡಿದೆ. ಆದರೆ ಕೋವಿಗೆ ಲೈಸೆನ್ಸ್ ಇದೆ ಅಂದರೆ ಹಂದಿ, ಜಿಂಕೆ ಹೊಡೆಯೋಕೆ ಲೈಸೆನ್ಸ್ ಇದೆ ಅಂತ ಅಲ್ಲ, ಅದು ನೆನಪಿರಲಿ.

ಹಾಗಾದರೆ ಕೋವಿ ಮನೇಲಿ ಇರೋರು ಏನು ಮಾಡಬೇಕು? ನನಗೆ ತಿಳಿದಿದ್ದು ಇಷ್ಟು.

ಎರಡು ಟ್ರಿಗರ್ ಕೋವಿಯನ್ನ ಒಂದು ಟ್ರಿಗರಿಗೆ ಬದಲಾಯಿಸೋಕೆ ಹೋಗಬೇಡಿ. ರಾಬರ್ಟ್‌ಸನ್, ಬ್ರೌನಿಂಗ್ ಅಂಥವರು ತಲೆ ಕೆಡಿಸಿಕೊಂಡ ಕೆಲಸ ಅದು, ಅರ ಹಿಡಿದು ಅರ್ಧ ದಿನದಲ್ಲಿ ಆಗೋದಲ್ಲ. ಎರಡೂ ನಳಿಗೆ ಒಟ್ಟಿಗೆ ಹಾರಿದರೆ ಭುಜ ಹೋಗುತ್ತೆ, ಪಕ್ಕದಲ್ಲಿ ನಿಂತವರ ಪ್ರಾಣವೂ ಹೋಗಬಹುದು.

ಹಳೇ ಕೋವಿಗೆ ಹೊಸ ತೋಟಾ ಹಾಕೋ ಮುಂಚೆ ಅಳತೆ ನೋಡಿಸಿ. ಎಷ್ಟೋ ಹಳೇ ಕೋವಿಗಳ ತೋಟಾ ಮನೆ 65 ಮಿಲಿಮೀಟರ್, ಈಗಿನ ತೋಟಾ ಬಹಳಷ್ಟು 70. ಹಾಕುವಾಗ ಒಳಗೆ ಕೂರುತ್ತೆ, ಸಿಡಿದಾಗ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರುತ್ತೆ.

ಟ್ರಿಗರ್ ಎಳೆದು ಈಡು ಹಾರದಿದ್ದರೆ ತಕ್ಷಣ ಕೋವಿ ಬಾಗಿಸಬೇಡಿ. ಕೇಪು ತಡವಾಗಿ ಹತ್ತೋದು ಉಂಟು. ನಳಿಗೆ ಯಾರೂ ಇಲ್ಲದ ಕಡೆ ತಿರುಗಿಸಿ ಒಂದು ನಿಮಿಷ ಹಾಗೇ ಹಿಡಿದಿರಿ, ಆಮೇಲೆ ತೆಗೆಯಿರಿ. ಎದುರಿಗೆ ಅಪಾಯ ಇದ್ದಾಗ ಇನ್ನೊಂದು ನಳಿಗೆ ಇದ್ದೇ ಇದೆ, ಅದಕ್ಕೇ ಎರಡನೇ ಟ್ರಿಗರ್ ಇಟ್ಟಿರೋದು.

ಲೈಸೆನ್ಸುದಾರರು ತೀರಿಕೊಂಡರೆ ಕೋವಿಯನ್ನ ಬೀರುವಿನಲ್ಲೇ ಇಟ್ಕೊಂಡು ಸುಮ್ಮನಿರಬೇಡಿ. ಠಾಣೆಗೋ ಲೈಸೆನ್ಸ್ ಇರೋ ಅಂಗಡಿಗೋ ಒಪ್ಪಿಸಿ ರಸೀದಿ ತಗೊಂಡು, ವಾರಸುದಾರರ ಹೆಸರಿಗೆ ಅರ್ಜಿ ಹಾಕಿ. ಅಪ್ಪನ ಕೋವಿ ಅಂದರೂ ಲೈಸೆನ್ಸ್ ಇಲ್ಲದೆ ಇಟ್ಕೊಂಡರೆ ಕೇಸೇ.

ಹೊಸಕೋಟೆಯವರಿಗೆ ನಾನು ಹೇಳಿದ್ದೂ ಇದೇ. ಮಗ ಶೂಟಿಂಗ್ ಕ್ಲಬ್ಬಿಗೆ ಸೇರಿ ಬಿಲ್ಲೆ ಹೊಡೆಯೋದಾದರೆ ಒಂದೇ ಟ್ರಿಗರಿನದು ನೋಡಲಿ. ತೋಟದ ಮನೆ ಕಾವಲಿಗೆ ಆದರೆ ಅಪ್ಪನ ಕೋವಿಯನ್ನ ಲೈಸೆನ್ಸ್ ಇರೋ ರಿಪೇರಿಯವರ ಹತ್ತಿರ ಸ್ಪ್ರಿಂಗ್, ಪಿನ್ನು ನೋಡಿಸಿ, ಹೊಸ ತೋಟಾ ತಂದು, ಎರಡು ಟ್ರಿಗರ್ ಹಾಗೇ ಇರಲಿ. ನಿಮ್ಮ ಮನೇಲೂ ಇಂಥದು ಇದ್ದರೆ ಮಳೆಗಾಲಕ್ಕೆ ಮುಂಚೆ ಒಂದು ಸಲ ತೆಗೆದು ಒರೆಸಿ, ತೋಟಾ ಹಾಕದೆ ನಳಿಗೆ ಬೆಳಕಿಗೆ ಹಿಡಿದು ನೋಡಿ. ತುಕ್ಕು ಕಂಡರೆ ಈಡು ಹಾರಿಸೋ ಮಾತೇ ಬೇಡ, ಮೊದಲು ತಿಳಿದವರಿಗೆ ತೋರಿಸಿ.